ಹುಸೇನಬಾಷಾ ತುಂಬಿದ ಗಾಳಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಹುಸೇನಬಾಷಾ ಅವರ ಶೆಡ್ಡಿಗೆ ಬೋರ್ಡಿಲ್ಲ. ವಿಳಾಸ ಕೇಳಿದರೆ ಪಕ್ಕದ ಲೇಥ್ ಅಂಗಡಿಯವರು ತಲೆ ಎತ್ತದೆಯೇ, ‘ಗಾಳಿ ಬಾಷಾನ ಶೆಡ್ ಏನ್ರಿ? ಹೊರಗ ಕೆಂಪು ಟ್ಯಾಂಕ್ ನಿಂತೈತಲ್ಲ, ಅದ’ ಎನ್ನುತ್ತಾರೆ. ಬಾಷಾ ಅವರಿಗೆ ಈಗ ಐವತ್ತೆರಡು. ಇಪ್ಪತ್ತೊಂಬತ್ತು ವರ್ಷಗಳಿಂದ ಅವರು ಗಾಳಿಯ ಕಂಪ್ರೆಸರ್‌ಗಳನ್ನು ಮಾತ್ರ ರಿಪೇರಿ ಮಾಡುತ್ತಾರೆ. ಪಂಕ್ಚರ್ ಅಂಗಡಿಯವರದು, ಕಪಾಟುಗಳಿಗೆ ಬಣ್ಣ ಹೊಡೆಯುವವರದು, ಹಲ್ಲಿನ ಡಾಕ್ಟರ ಕುರ್ಚಿಯ ಹಿಂದೆ ಕೂತು ಗುರುಗುಟ್ಟುವ ಸಣ್ಣದು, ಕಾರು ತೊಳೆಯುವಲ್ಲಿ ಗಾಡಿಯನ್ನು ಮೇಲಕ್ಕೆತ್ತುವ ದೊಡ್ಡದು. ಮೋಟರ್ ಕೆಟ್ಟಿದೆ, ಸ್ಕೂಟರ್ ನಿಂತಿದೆ ಎಂದು ಬಂದವರನ್ನು ಚಹಾ ಕುಡಿಸಿ ಬೇರೆಡೆಗೆ ಕಳಿಸುತ್ತಾರೆ.

ಅವರದೊಂದು ಪದ್ಧತಿಯಿದೆ. ರಿಪೇರಿಯಾದ ಯಂತ್ರವನ್ನು ಮೊದಲು ತಮ್ಮ ಮೇಲೆ ಪರೀಕ್ಷಿಸಿಕೊಳ್ಳದೆ ಗಿರಾಕಿಗೆ ಒಪ್ಪಿಸುವುದಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಆದರೆ ಮೊದಲು ಅವರ ಸ್ಕೂಟರಿನ ಟೈರಿಗೇ ಗಾಳಿ. ಕಾರು ಎತ್ತುವ ಲಿಫ್ಟ್ ಆದರೆ, ಮೇಲೆ ಗಾಡಿ ನಿಲ್ಲಿಸಿ, ಅದರ ಕೆಳಗೆ ಕೈಕಟ್ಟಿಕೊಂಡು ಐದು ನಿಮಿಷ ನಿಲ್ಲುತ್ತಾರೆ. ಆ ಐದು ನಿಮಿಷ ಗಿರಾಕಿಗಳೇ ಬೇರೆ ಕಡೆ ಮುಖ ಮಾಡುತ್ತಾರೆ.

ಅವರು ನೋಡಿಕೊಳ್ಳುವ ಯಂತ್ರಗಳಲ್ಲಿ ಒಂದು ಮಾತ್ರ ಹುಬ್ಬಳ್ಳಿಯಲ್ಲಿಲ್ಲ. ಅದಿರುವುದು ಮುರುಡೇಶ್ವರದಲ್ಲಿ, ಅಮರೇಶ ಎಂಬ ಮೂವತ್ತನಾಲ್ಕು ವರ್ಷದ ಯುವಕನ ಡೈವಿಂಗ್ ಕೇಂದ್ರದಲ್ಲಿ. ಅಮರೇಶನ ತಂದೆ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿಯ ವ್ಯಾಪಾರಿ. ಮಗ ದಲಾಲಿ ಅಂಗಡಿಯ ಗಾದಿಯ ಮೇಲೆ ಕೂರುವ ಬದಲು ಸಮುದ್ರಕ್ಕಿಳಿದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಸಿ ಜನರನ್ನು ನೇತ್ರಾಣಿ ದ್ವೀಪದ ಬಂಡೆಗಳ ಬುಡಕ್ಕೆ ಕರೆದೊಯ್ದು ಮೀನು, ಹವಳ ತೋರಿಸುವುದು ಅವನ ಕೆಲಸ. ‘ನಮ್ಮ ಹುಡುಗ ಮುಳಗೂ ದಂಧೇನ ಹುಡುಕ್ಯಾನ ನೋಡ್ರಿ’ ಎಂದು ತಂದೆ ಇವತ್ತಿಗೂ ಮಾರುಕಟ್ಟೆಯಲ್ಲಿ ಹೇಳಿಕೊಂಡು ನಗುತ್ತಾರೆ.

ಆರು ವರ್ಷಗಳ ಹಿಂದೆ ಅಮರೇಶನ ಕಂಪ್ರೆಸರ್ ಸೀಸನ್ನಿನ ನಡುವೆ ನಿಂತುಹೋಯಿತು. ಕಂಪನಿಯವರು ಬರಲು ಹದಿನೈದು ದಿನ ಎಂದರು. ತಂದೆ ತಮ್ಮ ಪರಿಚಯದ ಬಾಷಾ ಅವರನ್ನು ಬಸ್ಸು ಹತ್ತಿಸಿದರು. ಬಾಷಾ ಒಂದೂವರೆ ದಿನದಲ್ಲಿ ಅದನ್ನು ಓಡಿಸಿಕೊಟ್ಟರು. ಅಂದಿನಿಂದ ವರ್ಷಕ್ಕೆರಡು ಸಲ, ಸೀಸನ್ ಶುರುವಾಗುವ ಅಕ್ಟೋಬರಿನಲ್ಲಿ ಮತ್ತು ಫೆಬ್ರುವರಿಯಲ್ಲಿ, ಅವರು ಹೋಗಿ ಬರುತ್ತಾರೆ. ಎರಡು ದೊಡ್ಡ ಕಪಾಟುಗಳಲ್ಲಿ ಹಿಡಿಸುವಷ್ಟು ಗಾಳಿಯನ್ನು ತೊಡೆಯೆತ್ತರದ ಒಂದು ಸಿಲಿಂಡರಿನೊಳಗೆ ಒತ್ತಿ ತುಂಬುವ ಯಂತ್ರ ಅದು. ಹಾದಿಯಲ್ಲಿ ನೀರಿನ ಪಸೆ, ಎಣ್ಣೆ, ಹೊಗೆ ಯಾವುದೂ ಗಾಳಿಯ ಜೊತೆ ಸೇರುವಂತಿಲ್ಲ.

‘ಉಳಿದ ಮಷಿನ್ ಎಲ್ಲಾ ಟೈರಿಗೆ ತುಂಬತಾವ್ರಿ’ ಎನ್ನುತ್ತಾರೆ ಬಾಷಾ. ‘ಇದೊಂದ ಮನಶ್ಯಾರಿಗೆ ತುಂಬತೈತಿ.’

ಈ ಫೆಬ್ರುವರಿಯಲ್ಲಿ ಅಮರೇಶ ಫೋನ್ ಮಾಡಿದಾಗ ಒಂದು ಮಾತು ಹೆಚ್ಚಿಗೆ ಹೇಳಿದ. ಗೋವೆಯ ಕಂಪನಿಯೊಂದು ವರ್ಷಪೂರ್ತಿ ಯಂತ್ರ ನೋಡಿಕೊಳ್ಳುತ್ತೇವೆ, ಪ್ರಮಾಣಪತ್ರವನ್ನೂ ಕೊಡುತ್ತೇವೆ ಎಂದು ಬಂದಿದೆ. ‘ಈ ಸಲ ನೀವ ಮಾಡಿಕೊಡ್ರಿ ಚಾಚಾ. ಮುಂದಿಂದು ನೋಡೂಣು.’

‘ನೋಡೂಣು’ ಎಂದರೆ ಏನೆಂದು ಬಾಷಾ ಅವರಿಗೆ ಅರ್ಥವಾಯಿತು. ಮುರುಡೇಶ್ವರದ ಕೆಲಸ ಹೋದರೆ ಶೆಡ್ಡೇನೂ ಮುಚ್ಚುವುದಿಲ್ಲ. ಆದರೆ ತಾನು ತುಂಬಿದ ಗಾಳಿಯನ್ನು ಉಸಿರಾಡಿ ಜನ ಸಮುದ್ರದ ತಳ ನೋಡಿ ಬರುತ್ತಾರೆ ಎಂದು ಹೇಳಿಕೊಳ್ಳಲು ಇನ್ನು ಆಗುವುದಿಲ್ಲ. ಆ ಮಾತನ್ನು ಅವರು ಗೋಕುಲ ರಸ್ತೆಯಲ್ಲಿ ಆರು ವರ್ಷಗಳಿಂದ ಹೇಳುತ್ತ ಬಂದಿದ್ದರು. ಈ ಸಲದ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪು ಸಿಗಬಾರದು ಎಂದುಕೊಂಡು ಹೊರಟರು. ಹೆಂಡತಿ ಮೌಲಾಬಿ ಕೂಡ ಚೀಲ ಕಟ್ಟಿದರು.

‘ನೀ ಯಾಕ?’ ಎಂದರು ಬಾಷಾ.

‘ಆರು ವರ್ಷ ಆತು, ಸಮುದ್ರ ಸಮುದ್ರ ಅಂತೀರಿ. ಐತೋ ಇಲ್ಲೋ ನೋಡಿ ಬರ್ತೇನಿ.’

ಮೌಲಾಬಿ ಮನೆಯಲ್ಲಿ ಮಸಾಲೆ ಪುಡಿ ಮಾಡಿ ಮಾರುತ್ತಾರೆ. ಕೊತ್ತಂಬರಿ ಕಾಳು ಈ ವರ್ಷದ್ದೋ ಹೋದ ವರ್ಷದ್ದೋ ಎಂದು ಚೀಲ ಬಿಚ್ಚುವ ಮೊದಲೇ ಮೂಸಿ ಹೇಳುವವರು. ಗಂಡಹೆಂಡತಿ ಮನೆಯಲ್ಲಿ ಉರ್ದು ಮಾತಾಡಿಕೊಂಡರೂ ನಾಲ್ಕು ಜನರ ನಡುವೆ ಜಗಳ ಆಡಬೇಕಾದಾಗ ಕನ್ನಡಕ್ಕೆ ಬರುತ್ತಾರೆ. ಹಾಗಾಗಿ ಮುಂದೆ ನಡೆದದ್ದು ಎಲ್ಲರಿಗೂ ತಿಳಿಯಿತು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕಂಪ್ರೆಸರಿನ ಕೆಲಸ ಮುಗಿದಿತ್ತು. ಹೊಸ ಫಿಲ್ಟರ್, ಹೊಸ ಎಣ್ಣೆ, ಗಾಳಿ ಎಳೆಯುವ ಕೊಳವೆ ಹೊಗೆ ಬಾರದ ದಿಕ್ಕಿಗೆ. ಬಾಷಾ ಸ್ನಾನ ಮಾಡಿ, ಅತ್ತರ್ ಹಚ್ಚಿಕೊಂಡು ನಮಾಜಿಗೆ ಹೋಗಿ ಬಂದರು. ಉಳಿದದ್ದು ಸಿಲಿಂಡರುಗಳ ಬಾಯಿಗೆ ಹೊಸ ರಬ್ಬರ್ ರಿಂಗು ಕೂರಿಸುವುದು. ಉಂಗುರದಷ್ಟು ಸಣ್ಣ ರಿಂಗು. ಸಿಲಿಂಡರೂ ಉಸಿರಾಟದ ಕೊಳವೆಯೂ ಕೂಡುವ ಜಾಗದಲ್ಲಿ ಗಾಳಿ ಸೋರದಂತೆ ತಡೆಯುವುದು ಅದೊಂದೇ. ಕೇಂದ್ರದಲ್ಲಿ ಇಪ್ಪತ್ತು ಸಿಲಿಂಡರುಗಳಿದ್ದವು. ತನ್ನ ಬಳಕೆಯ ಎರಡನ್ನು ಅಮರೇಶ ಕೊಡಲಿಲ್ಲ. ‘ನನ್ನವು ಛಲೋ ಅದಾವ, ಬಿಡ್ರಿ’ ಎಂದ. ಉಳಿದ ಹದಿನೆಂಟಕ್ಕೂ ಬಾಷಾ ರಿಂಗು ಹಾಕಿ, ಅರಳೆಯಿಂದ ಒರೆಸಿ, ಸಂಜೆಯೊಳಗೆ ಗಾಳಿ ತುಂಬಿಟ್ಟರು.

ಶನಿವಾರ ಬೆಳಿಗ್ಗೆ ಆರೂವರೆಗೆ ಧಾರವಾಡದಿಂದ ಆರು ಜನ ಬಂದಿಳಿದರು. ಒಂದೇ ಶಾಲೆಯ ಶಿಕ್ಷಕರು. ಅವರ ಮುಂದಾಳು ಶಾಂಭವಿ, ವಿಜ್ಞಾನ ಕಲಿಸುವವರು. ಬಂದವರೇ ಕಂಪ್ರೆಸರಿನ ಸುತ್ತ ಒಂದು ಸುತ್ತು ಹಾಕಿ ಮೀಟರುಗಳನ್ನು ಓದಿದರು. ಅಮರೇಶ ದೋಣಿಗೆ ಸಿಲಿಂಡರ್ ಏರಿಸುವ ಮೊದಲು ರೂಢಿಯಂತೆ ಒಂದೊಂದರ ವಾಲ್ವ್ ತಿರುಗಿಸಿ ಗಾಳಿ ಮೂಸತೊಡಗಿದ. ಹನ್ನೆರಡು ಸರಿಯಿದ್ದವು. ಹದಿಮೂರನೆಯದಕ್ಕೆ ನಿಂತ. ಹದಿನಾಲ್ಕನೆಯದನ್ನು ಎರಡು ಸಲ ಮೂಸಿದ.

‘ಚಾಚಾ, ವಾಸನಿ ಬರಾಕತ್ತೈತಿ.’

ಡೈವಿಂಗಿನಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ಸಿಲಿಂಡರಿನ ಗಾಳಿಗೆ ಯಾವ ವಾಸನೆಯೂ ಇರಬಾರದು. ವಾಸನೆ ಇದ್ದರೆ ಎಣ್ಣೆ ಸೇರಿರಬಹುದು, ಹೊಗೆ ಸೇರಿರಬಹುದು. ಅಂಥ ಗಾಳಿ ನೀರಿನಡಿ ಮನುಷ್ಯನನ್ನು ಸದ್ದಿಲ್ಲದೆ ಮಲಗಿಸಿಬಿಡುತ್ತದೆ. ಬಾಷಾ ಓಡಿಬಂದು ಮೂಸಿದರು. ಬಿಳಿ ಬಟ್ಟೆ ಹಿಡಿದು ಅದರ ಮೇಲೆ ಗಾಳಿ ಬಿಟ್ಟರು. ಬಟ್ಟೆಯಲ್ಲಿ ಕಲೆಯಿಲ್ಲ.

‘ಏನೂ ಇಲ್ಲಲ್ರಿ ಸಣ್ಣ ಸಾವಕಾರ್ರ.’

‘ಐತಿ ಚಾಚಾ. ಸಿಹಿ ವಾಸನಿ.’

‘ಹುಬ್ಬಳ್ಳಿ ಗಾಳಿ ಏನ್ರಿ ಇದು?’ ಎಂದರು ಶಾಂಭವಿ. ‘ಅದಕ್ಕ ವಾಸನಿ ಮತ್ತ.’

ಬಾಷಾ ತಲೆ ಎತ್ತಲಿಲ್ಲ. ‘ನಮ್ಮ ಗಾಳಿ ವಾಸನಿನರ ಬರತೈತ್ರಿ ಬಾಯಾರ. ನಿಮ್ಮ ಧಾರವಾಡದ್ದು ಬರೇ ಮಾತಾಡತೈತಿ.’

ಶಿಕ್ಷಕರು ನಕ್ಕರು. ಅಮರೇಶ ನಗಲಿಲ್ಲ. ಹದಿನೆಂಟನ್ನೂ ಸಾಲಾಗಿ ನಿಲ್ಲಿಸಿ ನೋಡಿದಾಗ ವಾಸನೆಯಿದ್ದದ್ದು ಕೊನೆಯ ಆರಕ್ಕೆ. ಬಾಷಾ ಅಲ್ಲೇ ಕುಕ್ಕರಗಾಲಲ್ಲಿ ಕೂತು ಯೋಚಿಸಿದರು. ಹದಿನೆಂಟನ್ನೂ ತುಂಬಿದ್ದು ಒಂದೇ ಯಂತ್ರ, ಒಂದೇ ಸಂಜೆ. ಯಂತ್ರದ್ದೇ ತಪ್ಪಾದರೆ ಎಲ್ಲದಕ್ಕೂ ಇರಬೇಕಿತ್ತು. ಆರಕ್ಕೆ ಮಾತ್ರ ಏಕೆ? ಮತ್ತೆ ಮೂಸಿದರು. ಅವರ ಮೂಗಿಗೆ ಏನೂ ಹತ್ತಲಿಲ್ಲ.

ಅಷ್ಟರಲ್ಲಿ ಚಹಾದ ಲೋಟ ಹಿಡಿದು ಬಂದ ಮೌಲಾಬಿ, ಏನಾಯಿತೆಂದು ಕೇಳಿ, ಒಂದು ಸಿಲಿಂಡರಿನತ್ತ ಬಗ್ಗಿದರು. ನೆಟ್ಟಗಾಗಿ ಗಂಡನನ್ನು ನೋಡಿದರು.

‘ಇದು ನಿಮ್ಮ ಕೇವಡಾ.’

‘ಏನು?’

‘ನಿಮ್ಮ ಅತ್ತರ್‌ರೀ. ಕೇದಗಿ ಅತ್ತರ್. ಇಪ್ಪತ್ತಾರು ವರ್ಷದಿಂದ ನಿಮ್ಮ ಅಂಗಿ ಒಗೀತೇನಿ, ನನಗ ಗೊತ್ತಾಗೂದಿಲ್ಲೇನು?’

ಬಾಷಾ ನಿಧಾನವಾಗಿ ಎಡಗಿವಿಗೆ ಕೈ ಹಾಕಿದರು. ಅಲ್ಲಿ ಏನೂ ಇರಲಿಲ್ಲ. ಬಲಗಿವಿಗೆ ಹಾಕಿದರು. ನಿನ್ನೆಯ ಸಣ್ಣ ಅರಳೆಯ ಉಂಡೆ ಇನ್ನೂ ಅಲ್ಲೇ ಸಿಕ್ಕಿತು. ಶುಕ್ರವಾರದಂದು ಅತ್ತರಿನ ಅರಳೆಯನ್ನು ಎಡಗಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದು ಅವರ ರೂಢಿ. ರಿಂಗು ಒರೆಸುವ ಅರಳೆಯನ್ನು, ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ, ಬಲಗಿವಿಗೆ ಸಿಕ್ಕಿಸಿಕೊಳ್ಳುವುದೂ ಅವರ ರೂಢಿ. ಹನ್ನೆರಡು ಸಿಲಿಂಡರ್ ಮುಗಿದ ಮೇಲೆ ಯಾವುದೋ ಗಳಿಗೆಯಲ್ಲಿ ಕೈ ತಪ್ಪು ಕಿವಿಗೆ ಹೋಗಿತ್ತು. ಕೊನೆಯ ಆರು ರಿಂಗುಗಳನ್ನು ಅವರು ಅತ್ತರಿನಿಂದಲೇ ಒರೆಸಿದ್ದರು.

ಈಗ ನಗದವರು ಯಾರೂ ಉಳಿಯಲಿಲ್ಲ, ಬಾಷಾ ಒಬ್ಬರನ್ನು ಬಿಟ್ಟು. ಅವರು ಆ ಆರೂ ರಿಂಗು ಕಿತ್ತು ಹಾಕಿ, ಸಿಲಿಂಡರಿನ ಬಾಯನ್ನು ಬಿಸಿನೀರಲ್ಲಿ ತೊಳೆದು ಒಣಗಿಸಿ, ಕೈಯನ್ನು ಮೂರು ಸಲ ಸಾಬೂನಿನಿಂದ ತೊಳೆದು ಹೊಸ ರಿಂಗು ಕೂರಿಸಿದರು. ಪ್ರತಿಯೊಂದನ್ನೂ ಮೌಲಾಬಿ ಮೂಸಿ ‘ಹೂಂ’ ಎಂದ ಮೇಲೆಯೇ ಮುಂದಿನದು.

ಅಮರೇಶ ಅವರನ್ನು ಪಕ್ಕಕ್ಕೆ ಕರೆದ. ‘ಚಾಚಾ, ಇವತ್ತು ಅತ್ತರ್ ಆತು, ನಕ್ಕು ಬಿಟ್ವಿ. ಬ್ಯಾರೆ ಏನರ ಆಗಿದ್ರ? ಗೋವಾದವ್ರಿಗೆ ಸೋಮವಾರ ಹೂಂ ಅನಬೇಕಂತ ಮಾಡೇನಿ. ಸಿಟ್ಟಾಗಬ್ಯಾಡ್ರಿ.’

‘ಸಿಟ್ಟಿಲ್ರಿ’ ಎಂದರು ಬಾಷಾ. ‘ಆದ್ರ ಗಾಳಿ ಸ್ವಚ್ಛ ಐತಿ. ಅತ್ತರ್ ಹತ್ತಿದ್ದು ರಿಂಗಿಗೆ, ಗಾಳಿಗಲ್ಲ.’

ಈ ಮಾತು ಶಾಂಭವಿಯವರ ಕಿವಿಗೂ ಬಿತ್ತು. ಅವರ ಜೊತೆಯವರು ಇಬ್ಬರು ಈಗಾಗಲೇ ಹೋಗುವುದೋ ಬಿಡುವುದೋ ಎಂದು ಗುಸುಗುಸು ನಡೆಸಿದ್ದರು. ‘ರಿಪೇರಿ ಮಾಡಿದವ್ರು ಒಮ್ಮೆನರ ಕೆಳಗ ಹೋಗಿ ನೋಡ್ಯಾರೇನ್ರಿ?’ ಎಂದು ಶಾಂಭವಿ ಸಹಜವಾಗಿ ಕೇಳಿದರು.

ಆರು ವರ್ಷಗಳಲ್ಲಿ ಬಾಷಾ ನೀರಿಗೆ ಇಳಿದಿರಲಿಲ್ಲ. ಪ್ರತಿಸಲ ದಡದಲ್ಲಿ ಕೂತು ಹತ್ತು ನಿಮಿಷ ಸಿಲಿಂಡರಿನಿಂದ ಉಸಿರೆಳೆದು, ಪರೀಕ್ಷೆ ಮುಗಿಯಿತು ಎನ್ನುತ್ತಿದ್ದರು. ಅವರಿಗೆ ಈಜು ಬರುವುದಿಲ್ಲ. ಲಿಫ್ಟಿನ ಕೆಳಗೆ ನಿಲ್ಲುವವರು ನೀರಿನ ಮುಂದೆ ಮಾತ್ರ ಪದ್ಧತಿಯನ್ನು ಸ್ವಲ್ಪ ಸಡಿಲ ಬಿಟ್ಟುಕೊಂಡಿದ್ದರು.

‘ಇಲ್ರಿ ಬಾಯಾರ’ ಎಂದರು. ಆಮೇಲೆ ಅಮರೇಶನ ಕಡೆ ತಿರುಗಿ, ‘ಇವತ್ತು ಮೊದಲ ನಾ ಹೋಗ್ತೇನಿ. ವಾಸನಿ ಇದ್ದ ಆರರಾಗ ಒಂದು ಕೊಡ್ರಿ’ ಎಂದರು.

ನೇತ್ರಾಣಿಗೆ ದೋಣಿಯಲ್ಲಿ ಒಂದೂವರೆ ತಾಸು. ದೂರದಿಂದ ಅದು ಸಮುದ್ರದ ಮೇಲಿಟ್ಟ ಹಸಿರು ಟೊಪ್ಪಿಗೆಯಂತೆ ಕಾಣುತ್ತದೆ. ಹತ್ತಿರ ಹೋದಂತೆ ಸುತ್ತ ಕಡಿದಾದ ಕಲ್ಲುಗೋಡೆ. ಗೋಡೆಯ ಬುಡದಲ್ಲಿ ನೀರು ತಿಳಿಯಾಗಿದ್ದು ಕೆಳಗಿನ ಬಂಡೆಗಳು ದೋಣಿಯಿಂದಲೇ ಕಾಣುತ್ತಿದ್ದವು. ಮೌಲಾಬಿ ಹಾದಿಯುದ್ದಕ್ಕೂ ಹುಣಸೆಹಣ್ಣು ಚೀಪುತ್ತ, ವಾಂತಿ ಬಂದವರಿಗೆ ಹಂಚುತ್ತ ಕೂತಿದ್ದರು. ಬಾಷಾ ಆಗಲೇ ಕಪ್ಪು ರಬ್ಬರಿನ ಉಡುಪು ತೊಟ್ಟಿದ್ದರು.

ಏಣಿ ಹಿಡಿದು ಕತ್ತಿನವರೆಗೆ ನೀರಿಗಿಳಿದವರು ಏಣಿಯನ್ನು ಬಿಡಲೇ ಇಲ್ಲ.

‘ಚಾಚಾ, ಕೈ ಬಿಡ್ರಿ’ ಎಂದ ಪಕ್ಕದಲ್ಲಿ ತೇಲುತ್ತಿದ್ದ ಅಮರೇಶ.

‘ಬಿಡ್ತೇನಿ, ತಡೀರಿ.’

‘ಐದು ನಿಮಿಷಾತು.’

‘ಏಣಿ ಗಟ್ಟಿ ಐತೇನು ನೋಡಾಕತ್ತೇನಿ.’

‘ಅದಕ್ಕೂ ಗ್ಯಾರಂಟಿ ಕೊಡ್ತಾರೇನ್ರಿ ಇವ್ರು?’ ಎಂದು ಮೇಲಿನಿಂದ ಶಾಂಭವಿ ಕೇಳಿದರು. ಬಾಷಾ ಏಣಿ ಬಿಟ್ಟರು.

ನೀರಿನಡಿಯ ಮೊದಲ ಉಸಿರು ಅವರಿಗೆ ಸದ್ದಾಗಿ ನೆನಪಿದೆ. ಒಳಗೆಳೆದಾಗ ಸಣ್ಣ ಸೀಟಿ, ಬಿಟ್ಟಾಗ ಗುಳುಗುಳು. ಸೀಟಿ ಒಂದೇ ಸಮನಿತ್ತು. ಅಂದರೆ ಒಳಗಿನ ಸ್ಪ್ರಿಂಗು ಸರಿ ಕೆಲಸ ಮಾಡುತ್ತಿದೆ. ಮೂಗು ಹಿಡಿದು ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳುವುದನ್ನು ಅಮರೇಶ ದೋಣಿಯಲ್ಲೇ ಹೇಳಿಕೊಟ್ಟಿದ್ದ. ಒತ್ತಡದ ವಿಷಯ ಬಾಷಾ ಅವರಿಗೆ ಯಾರೂ ಎರಡನೆಯ ಸಲ ಹೇಳಬೇಕಾಗಿಲ್ಲ. ಅಮರೇಶ ಅವರ ತೋಳು ಹಿಡಿದು ಎಂಟು ಮೀಟರ್ ಆಳಕ್ಕೆ ಇಳಿಸಿದ. ಅಲ್ಲಿ ಬಂಡೆಯ ಸಂದುಗಳಲ್ಲಿ ಹವಳವಿತ್ತು, ನೂರಾರು ಮೀನುಗಳಿದ್ದವು. ಬಾಷಾ ನೋಡುತ್ತಿದ್ದದ್ದು ಗಾಳಿಯ ಮೀಟರನ್ನು.

ಆಮೇಲೆ ಅವರು ತಲೆ ಎತ್ತಿದರು. ಅವರು ಬಿಟ್ಟ ಉಸಿರು ಬೆಳ್ಳಿಯ ತಟ್ಟೆಗಳಂತೆ ಅಗಲವಾಗುತ್ತ ಮೇಲಕ್ಕೆ ಹೋಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಗಾಳಿಯ ಜೊತೆ ಕೆಲಸ ಮಾಡಿದರೂ ಅದನ್ನು ಅವರು ಕಂಡಿದ್ದು ಮೀಟರಿನ ಮುಳ್ಳಿನಲ್ಲಿ, ಸೋರುವ ಕಡೆ ಹಚ್ಚಿದ ಸಾಬೂನು ನೊರೆಯಲ್ಲಿ. ಗಾಳಿಯನ್ನೇ ಕಣ್ಣಿಂದ ನೋಡಿದ್ದು ಅದೇ ಮೊದಲು. ಎಷ್ಟು ಹೊತ್ತು ಹಾಗೆ ನೋಡಿದರೋ ಅವರಿಗೆ ಗೊತ್ತಿಲ್ಲ.

ಹಾಗೆ ನೋಡುತ್ತಿದ್ದಾಗಲೇ ಇನ್ನೊಂದು ಕಂಡಿತು. ಅಮರೇಶನ ಬಾಯಿಂದ ದೊಡ್ಡ ಗುಳ್ಳೆಗಳು ಬಿಟ್ಟು ಬಿಟ್ಟು ಬರುತ್ತಿದ್ದವು, ಸರಿ. ಆದರೆ ಅವನ ಕತ್ತಿನ ಹಿಂದೆ, ಸಿಲಿಂಡರಿನ ಬಾಯಿಯಿಂದ, ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳ ಒಂದು ಎಳೆ ಎಡೆಬಿಡದೆ ಮೇಲೇರುತ್ತಿತ್ತು. ಸೋರಿಕೆ.

ಬಾಷಾ ಬೆರಳು ಮಾಡಿ ತೋರಿಸಿದರು. ಅಮರೇಶ ಹಿಂದೆ ತಿರುಗಿ ನೋಡಿದ. ತಿರುಗಿದಾಗ ಸಿಲಿಂಡರೂ ತಿರುಗಿತು. ಅವನು ‘ಎಲ್ಲ ಸರಿಯೇ?’ ಎಂದು ಕೈಸನ್ನೆ ಮಾಡಿದ. ಬಾಷಾ ಜೋರಾಗಿ ತಲೆಯಾಡಿಸಿ ಇಲ್ಲ ಎಂದರು. ಹೆದರಿದ್ದಾರೆ ಎಂದುಕೊಂಡ ಅಮರೇಶ ಸಮಾಧಾನಕ್ಕೆಂದು ಒಂದು ನೀಲಿ ಮೀನು ತೋರಿಸಿದ. ಬಾಷಾ ಮೀನಿಗೆ ಬೆನ್ನು ತಿರುಗಿಸಿದರು. ಕೊನೆಗೆ ಅವನ ಕೈಯನ್ನೇ ಹಿಡಿದೆಳೆದು ಅವನ ಕತ್ತಿನ ಹಿಂದೆ ಇಟ್ಟರು. ಬೆರಳ ಸಂದಿಯಿಂದ ಗುಳ್ಳೆಗಳು ಚಿಮ್ಮಿದವು. ಅಮರೇಶ ತನ್ನ ಮೀಟರ್ ನೋಡಿಕೊಂಡ. ಮೊದಲ ಸಲ ಇಳಿದವರಿಗಿಂತ ಅವನ ಗಾಳಿ ಯಾವಾಗಲೂ ನಿಧಾನವಾಗಿ ಖರ್ಚಾಗುತ್ತದೆ. ಇವತ್ತು ಬಾಷಾ ಅವರದಕ್ಕಿಂತ ಕಡಿಮೆ ಉಳಿದಿತ್ತು. ಇಬ್ಬರೂ ನಿಧಾನವಾಗಿ ಮೇಲೆ ಬಂದರು.

ದೋಣಿಯಲ್ಲಿ ಬಾಷಾ ಡೈವಿಂಗಿನ ಕನ್ನಡಕ ಕೂಡ ತೆಗೆಯದೆ ಅಮರೇಶನ ಸಿಲಿಂಡರ್ ಬಿಚ್ಚಿ ರಿಂಗನ್ನು ಅಂಗೈ ಮೇಲಿಟ್ಟು ತೋರಿಸಿದರು. ಅಂಚಿನಲ್ಲಿ ಎಳೆಯಂಥ ಬಿರುಕು.

‘ಛಲೋ ಅದಾವ, ಬಿಡ್ರಿ ಅಂದ್ರಿ.’

‘ಬಾಳ ಸಣ್ಣ ಲೀಕ್ ಐತಿ ಚಾಚಾ.’

‘ಸಣ್ಣದ. ನನ್ನ ಅರಳಿನೂ ಸಣ್ಣದ ಇತ್ತು.’

ಅಮರೇಶ ತಲೆ ಒರೆಸಿಕೊಂಡ. ‘ಆತು. ಗಾಳಿ ಟೆಸ್ಟ್ ಮಾಡಿ ಕಾಗದ ಕೊಡೂ ಕೆಲಸ ಮಾತ್ರ ಗೋವಾದವ್ರಿಗೆ ಇರ್ಲಿ. ಮಷಿನ್ ನಿಮ್ಮದ. ಆದ್ರ ಶುಕ್ರವಾರ ಮಷಿನ್ ಮುಟ್ಟಬಾರದು.’

‘ಶುಕ್ರವಾರ ಮುಟ್ಟೂದಿಲ್ಲ. ನಿಮ್ಮ ಎರಡು ಸಿಲಿಂಡರೂ ನನ್ನ ಕೈಗೆ ಬರಬೇಕು.’

‘ಬರ್ತಾವ’ ಎಂದ ಅಮರೇಶ. ಬಾಷಾ ಅಲ್ಲೇ ಅವನ ಸಿಲಿಂಡರಿಗೆ ಹೊಸ ರಿಂಗು ಕೂರಿಸಿದರು.

‘ಗಾಳಿ ಹೆಂಗಿತ್ರಿ?’ ಎಂದರು ಶಾಂಭವಿ.

‘ಗಾಳಿ ಗಾಳಿಹಂಗ ಇತ್ತು ಬಾಯಾರ. ನಡೀರಿ.’

ಆರೂ ಶಿಕ್ಷಕರು ಇಬ್ಬಿಬ್ಬರಾಗಿ ಇಳಿದು ಬಂದರು. ಬಂದವರೆಲ್ಲ ಒಟ್ಟಿಗೆ ಮಾತಾಡುತ್ತಿದ್ದುದರಿಂದ ಯಾರು ಏನು ಕಂಡರೆಂದು ತಿಳಿಯುವಂತಿರಲಿಲ್ಲ. ಬಾಷಾ ನಿಶ್ಚಿಂತೆಯಿಂದ ಚುರುಮುರಿಯ ಡಬ್ಬಿ ತೆರೆದಿದ್ದರು. ಅಷ್ಟರಲ್ಲಿ ಮೌಲಾಬಿ ಎದ್ದು ನಿಂತು, ಓಢಣಿಯನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು, ‘ಇನ್ನ ನಾನು’ ಎಂದರು.

‘ನೀ ಎಲ್ಲಿಗೆ?’

‘ಅವ್ರು ಬೆಳಿಗ್ಗೇನ ಫಾರ್ಮ್ ತುಂಬ್ಯಾರ್ರಿ’ ಎಂದರು ಶಾಂಭವಿ. ‘ನಾನ ಬರದ ಕೊಟ್ಟೇನಿ. ಬಿ.ಪಿ. ಇಲ್ಲ, ಶುಗರ್ ಇಲ್ಲ, ದಮ್ಮು ಇಲ್ಲ.’

‘ಏ, ಬ್ಯಾಡ ಬ್ಯಾಡ’ ಎಂದರು ಬಾಷಾ.

‘ಯಾಕ?’ ಎಂದರು ಮೌಲಾಬಿ. ‘ಗಾಳಿ ಛಲೋ ಇಲ್ಲೇನು?’

ದೋಣಿಯಲ್ಲಿದ್ದವರೆಲ್ಲ ಬಾಷಾ ಅವರನ್ನು ನೋಡಿದರು. ಅವರು ಡಬ್ಬಿ ಮುಚ್ಚಿ ಎದ್ದರು. ಉಳಿದ ಸಿಲಿಂಡರುಗಳಲ್ಲಿ ಒಂದನ್ನು ಆರಿಸಿದರು, ಇಟ್ಟರು, ಇನ್ನೊಂದನ್ನು ಆರಿಸಿದರು. ರಿಂಗು ತೆಗೆದು ಬೆಳಕಿಗೆ ಹಿಡಿದು ನೋಡಿ ಮತ್ತೆ ಕೂರಿಸಿದರು. ಉಸಿರಾಟದ ಕೊಳವೆ ಬಿಗಿದು, ಸಿಲಿಂಡರಿನ ಬಾಯನ್ನು ಸಮುದ್ರದಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ಬರಲಿಲ್ಲ. ಮತ್ತೊಮ್ಮೆ ಅದ್ದಿದರು.

‘ಚಾಚಾ, ಸಂಜಿ ಆಗತೈತಿ’ ಎಂದ ಅಮರೇಶ.

ಮೌಲಾಬಿ ಏಣಿಯ ಬಳಿ ಒಂದು ನಿಮಿಷವೂ ನಿಲ್ಲಲಿಲ್ಲ. ಅಮರೇಶ ಹೇಳಿದಂತೆ ನಾಲ್ಕು ಸಲ ಉಸಿರಾಡಿ ತೋರಿಸಿ, ಅವನ ಕೈ ಹಿಡಿದು ಇಳಿದುಬಿಟ್ಟರು.

ನೀರಿನ ಮೇಲೆ ಎರಡು ಕಡೆ ಗುಳ್ಳೆಗಳು ಏಳತೊಡಗಿದವು. ಒಂದು ಅಮರೇಶನದು, ನಿಧಾನ. ಇನ್ನೊಂದು ಅವಸರದ್ದು. ಬಾಷಾ ದೋಣಿಯ ಅಂಚಿಗೆ ಹೊಟ್ಟೆ ಆನಿಸಿ ಬಗ್ಗಿ, ಆ ಅವಸರದ ಗುಳ್ಳೆಗಳು ಎಷ್ಟು ಸಲ ಏಳುತ್ತವೆಂದು ಗಡಿಯಾರ ಹಿಡಿದು ಎಣಿಸಿದರು. ಮೊದಲ ನಿಮಿಷ ಇಪ್ಪತ್ತಾರು. ಎರಡನೆಯದರಲ್ಲಿ ಇಪ್ಪತ್ತೆರಡು. ಆಮೇಲೆ ಹದಿನೇಳಕ್ಕೆ ಬಂದು ನಿಂತಿತು. ಆರು ವರ್ಷಗಳಿಂದ ಅವರು ತುಂಬಿದ ಗಾಳಿಯನ್ನು ಸಾವಿರಾರು ಜನ ಉಸಿರಾಡಿದ್ದಾರೆ. ಹೀಗೆ ಉಸಿರೆಣಿಸುತ್ತ ಮೇಲೆ ಕಾದದ್ದು ಇದೇ ಮೊದಲು. ಶಾಂಭವಿ ಏನೋ ಕೇಳಿದರು. ಬಾಷಾ ಕೈ ಎತ್ತಿ ಸುಮ್ಮನಿರಿ ಎಂದರು. ಹದಿನೇಳು. ಹದಿನಾರು. ಹದಿನೇಳು.

ಹದಿನೆಂಟು ನಿಮಿಷದ ಮೇಲೆ ಮೌಲಾಬಿಯವರ ತಲೆ ನೀರಿನಿಂದ ಮೇಲೆ ಬಂತು. ಬಾಯಿಂದ ಕೊಳವೆ ತೆಗೆದ ಕೂಡಲೇ ಮಾತು ಶುರು.

‘ಅಲ್ರೀ, ಗಿಳಿ ಬಣ್ಣದ ಒಂದು ಮೀನ ಕಲ್ಲು ಕಡಿದು ತಿನ್ನಾಕತ್ತಿತ್ತು, ಕಟಕಟ ಅಂತ ಸಪ್ಪಳ ಕೇಳ್ತಿತ್ತು! ಅರಿಷಿಣದಾಗ ಅದ್ದಿ ತಗದಂಗ ಒಂದು ಹಿಂಡು. ಆಮೆ ಇತ್ತು, ಆಮೆ! ಹಿಟ್ಟು ನಾದೂ ಪರಾತದಷ್ಟು! ನನ್ನ ಮುಂದನ ಹಾದು ಹೋತು. ನೀವು ನೋಡಿದ್ರೇನು?’

‘ಇಲ್ಲ’ ಎಂದರು ಬಾಷಾ.

‘ಹಳದಿ ಹಿಂಡು?’

‘ಇಲ್ಲ.’

‘ಮತ್ತ ಅಷ್ಟೊತ್ತು ಕೆಳಗ ಏನ ಮಾಡಿದ್ರಿ?’

ಬಾಷಾ ಕೈ ಚಾಚಿ ಆಕೆಯ ಮೀಟರ್ ತಿರುಗಿಸಿ ನೋಡಿದರು. ಮುಳ್ಳು ಇರಬೇಕಾದಲ್ಲೇ ಇತ್ತು. ಮೌಲಾಬಿ ಏಣಿ ಹಿಡಿದರು, ಹತ್ತಲಿಲ್ಲ. ಅಮರೇಶನ ಕಡೆ ತಿರುಗಿ, ‘ಇವ್ರನ್ನ ಇನ್ನೊಮ್ಮೆ ಇಳಸ್ರಿ, ಮೀನ ನೋಡಿಲ್ಲ. ನಾನೂ ಬರ್ತೇನಿ. ಇನ್ನ ಎರಡು ಸಿಲಿಂಡರ್ ತುಂಬಿದ್ದು ಅದಾವೇನು?’ ಎಂದರು.

‘ಅದಾವ’ ಎಂದರು ಬಾಷಾ.